ಸವೆದ ಚಾದರ ಹೊತ್ತು ಸೊನ್ನಲಿಗೆಗೆ

ಜಗಳ ಶುರುವಾಗಿದ್ದು ನೆಲ ಒರೆಸುವ ಬಟ್ಟೆಯಿಂದ.

ನಮ್ಮ ಮನೆಯಲ್ಲಿ ಒಂದು ಹಳೆಯ ಸೊಲ್ಲಾಪುರ ಚಾದರ ಇತ್ತು. ಕೆಂಪು, ಬಿಳಿ. ಬಿಳಿ ಅನ್ನೋದು ಈಗ ಬರೀ ಹೆಸರಿಗೆ. ಅಪ್ಪ ಇಪ್ಪತ್ತು ವರ್ಷ ಹೊದ್ದದ್ದು. ಅಪ್ಪ ಹೋದ ಮೇಲೆ ಆರು ವರ್ಷ ಟ್ರಂಕಿನಲ್ಲಿತ್ತು. ಎಷ್ಟು ತೆಳ್ಳಗಾಗಿತ್ತೆಂದರೆ ಹಗ್ಗದ ಮೇಲೆ ಹಾಕಿದರೆ ಅದರೊಳಗಿಂದ ಹಿತ್ತಲಿನ ನುಗ್ಗೆಮರ ಕಾಣುತ್ತಿತ್ತು. ಡಿಸೆಂಬರಿನ ಒಂದು ಮಧ್ಯಾಹ್ನ ವೈನಿ (ಅತ್ತಿಗೆ) ಕತ್ತರಿ ಹಿಡಿದು ಅದರ ಮುಂದೆ ಕೂತಿದ್ದರು. ನಾಲ್ಕು ತುಂಡು ಮಾಡಿದರೆ ವರ್ಷವಿಡೀ ನೆಲ ಒರೆಸಲು ಸಾಕು ಅನ್ನೋದು ಅವರ ಲೆಕ್ಕ. ನಾನು ಕಿತ್ತುಕೊಂಡೆ.

"ಹಂಗಾರ ನೀ ಏನ್ ಮಾಡಾಕಿ ಇದನ್ನ?"

ಏನು ಮಾಡುತ್ತೇನೋ ನನಗೂ ಗೊತ್ತಿರಲಿಲ್ಲ. ನಾನು ಹಳೆ ಬಟ್ಟೆಗಳ ಮೇಲೆ ಸೂಜಿ ದಾರದಿಂದ ಚಿತ್ರ ಮಾಡುತ್ತೇನೆ. ದಿಂಬಿನ ಚೀಲ, ಟವೆಲ್ಲು, ಊಟದ ಮೇಜಿನ ಹೊದಿಕೆ, ಹೀಗೆ ಮನೆಯಲ್ಲಿ ತಿರುಗಿ ಸವೆದ ಬಟ್ಟೆಗಳು. ಒಳ್ಳೆ ಭಾಗ ಕತ್ತರಿಸಿಕೊಂಡು, ತೂತು ಬಿದ್ದದ್ದು ಬಿಸಾಕಿ, ಜೋಡಿಸಿ ಗೋಡೆಗೆ ತೂಗುಹಾಕುವಂಥದ್ದು. ಹೋದ ವರ್ಷ ಮಾಡಿದ ನಾಲ್ಕೂ ಯಾಕೋ ಸಪ್ಪೆ. ಒಬ್ಬ ಗೆಳತಿ ನೋಡಿ, "ಚಂದ ಐತಿ, ಆದ್ರ ಹೊಸಾ ಅರಿವ್ಯಾಗನೂ ಮಾಡಬಹುದಿತ್ತಲ್ಲ?" ಅಂದಳು. ಆ ಮಾತು ಎರಡು ತಿಂಗಳು ತಲೆಯಲ್ಲೇ ಕೂತಿತ್ತು.

ವೈನಿಯ ತವರು ಅಕ್ಕಲಕೋಟ ತಾಲ್ಲೂಕು. ಅಲ್ಲಿ ಅವರ ಚಿಗವ್ವ, ಅಂದರೆ ಚಿಕ್ಕಮ್ಮ, ಇಂದಿಗೂ ಕೌದಿ ಹೊಲಿಯುತ್ತಾರೆ. ಹಳೆ ಬಟ್ಟೆಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿದ ದಪ್ಪ ಹೊದಿಕೆ ಅದು. ಅದೂ ಅಲ್ಲದೆ ವೈನಿಗೆ ಮದುವೆ ಉಡುಗೊರೆಗೆಂದು ಚಾದರ ಬೇಕಿತ್ತು. ಫೆಬ್ರುವರಿ ಎರಡನೇ ವಾರ ನಾಲ್ಕು ದಿನ ಹೊರಟೆವು. ಅಪ್ಪನ ಚಾದರ ನನ್ನ ಬ್ಯಾಗಿನಲ್ಲಿ, ಅದು ಹುಟ್ಟಿದ ಊರಿಗೇ ವಾಪಸ್.

ಮೊದಲ ದಿನ: ಭೀಮೆ ದಾಟಿ

ಧಾರವಾಡದಿಂದ ವಿಜಯಪುರದವರೆಗೆ ನಾನು ನಿದ್ದೆ ಮಾಡಿದೆ, ಅಷ್ಟೇ. ಅಲ್ಲಿಂದ ಸೊಲ್ಲಾಪುರಕ್ಕೆ ಸುಮಾರು 100 ಕಿಲೋಮೀಟರ್. ಬಸ್ಸು ಜಾಸ್ತಿ ಇವೆ, ಮುಂಗಡ ಟಿಕೆಟ್ ಬೇಡ. ಆದರೆ ಮಧ್ಯಾಹ್ನದ ಬಸ್ಸಿಗೆ ಎಡಗಡೆ ಮಾತ್ರ ಕೂರಬೇಡಿ, ಬಿಸಿಲು ಪೂರಾ ಆ ಕಡೆಗೇ.

ಹೊರ್ತಿ, ಝಳಕಿ ದಾಟಿದ ಮೇಲೆ ಎರಡೂ ಕಡೆ ಎರೆ ಹೊಲ. ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಕೆಲವು ಹೊಲಗಳ ಸುತ್ತ ಕುಸುಬೆಯ ಸಾಲು. ಮುಳ್ಳು ಗಿಡ, ದನ ಒಳಗೆ ನುಗ್ಗದ ಹಾಗೆ ತಡೆಯುತ್ತದೆ. ಅದರ ಕಿತ್ತಳೆ ಹೂವು ದೂರದಿಂದ ಸೀರೆಯ ದಡಿಯ ಹಾಗೇ ಕಾಣುತ್ತದೆ. ಧೂಳಖೇಡದಲ್ಲಿ ಭೀಮಾ ನದಿ. ಸೇತುವೆಯ ಕೆಳಗೆ ನಾಲ್ಕೈದು ಹೆಂಗಸರು ಕೌದಿ ಒಗೆದು ಬಂಡೆಯ ಮೇಲೆ ಹರವಿದ್ದರು. ನೆನೆದ ಕೌದಿ ಒಬ್ಬರಿಂದ ಎತ್ತಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಿದ್ದರು. ನಾನು ಕಿಟಕಿಯಿಂದ ಕತ್ತು ಚಾಚುವಷ್ಟರಲ್ಲಿ ನದಿ ಮುಗಿದಿತ್ತು. ಆಚೆ ದಡದಲ್ಲಿ ಬೋರ್ಡುಗಳೆಲ್ಲ ಮರಾಠಿ. ಜನರ ಮಾತು ಮಾತ್ರ ಹಾಗೇ ಇತ್ತು. ಹಿಂದಿನ ಸೀಟಿನ ಅಜ್ಜ ಫೋನಿನಲ್ಲಿ "ಹೋ ಹೋ, ಯೇತೋ" ಅಂದವನು ಅದೇ ಉಸಿರಿನಲ್ಲಿ "ಎಮ್ಮಿ ಹಿಂಡೀ ಇಲ್ಲೋ?" ಅಂತ ಕೇಳಿದ.

ಊರು ಸೇರುವ ಮೊದಲು ವಿಜಯಪುರ ರಸ್ತೆಯಲ್ಲೇ ಕಂಬರ ತಲಾವ್ ಸಿಗುತ್ತದೆ. ಈಗಿನ ಹೆಸರು ಸಂಭಾಜಿ ತಲಾವ್. ಬಸ್ಸಿನಿಂದಲೇ ನೋಡಿದೆವು, ಇಳಿಯಲಿಲ್ಲ. ಸಂಜೆಗೆ ಸಿದ್ಧೇಶ್ವರ ಗುಡಿ ಇತ್ತಲ್ಲ.

ಸೊಲ್ಲಾಪುರ ಅಂದರೆ ನಮ್ಮ ವಚನಗಳ ಸೊನ್ನಲಿಗೆ. 12ನೇ ಶತಮಾನದ ಸಿದ್ಧರಾಮನ ಊರು, ಅವನ ವಚನಗಳ ಅಂಕಿತವಾದ ಕಪಿಲಸಿದ್ಧ ಮಲ್ಲಿಕಾರ್ಜುನನ ಊರು. ಸಿದ್ಧರಾಮ ಇಲ್ಲಿ ಕೆರೆ ತೋಡಿಸಿದ, ಊರ ಸುತ್ತ 68 ಲಿಂಗ ಸ್ಥಾಪಿಸಿದ ಅನ್ನುತ್ತಾರೆ. ಕೆರೆ ತೋಡುತ್ತಿದ್ದವನನ್ನು ಅಲ್ಲಮಪ್ರಭು ಬಂದು ಕೆಣಕಿದ ಕಥೆ ಶಾಲೆಯಲ್ಲಿ ಕೇಳಿದ್ದೆ. ಮಣ್ಣು ಹೊರುವುದರಲ್ಲೇ ಮುಳುಗಿದರೆ ಒಳಗಿನದು ಯಾವಾಗ ನೋಡುತ್ತೀಯಾ ಅನ್ನುವ ಕೆಣಕು. ನನಗೆ ಆಗಲೂ ಸಿದ್ಧರಾಮನ ಕಡೆಗೇ ಒಲವು. ಎಷ್ಟೆಂದರೂ ನೀರು ಕುಡಿಯುವವರು ನಾವು.

ಗುಡಿ ಕೆರೆಯ ನಡುವಿದೆ. ದಡದಲ್ಲಿ ಭುಯಿಕೋಟ ಕೋಟೆಯ ಗೋಡೆ. ಸಂಕ್ರಾಂತಿಯ ಜಾತ್ರೆ ಮುಗಿದು ಜನ ಕಡಿಮೆಯಾಗಿದ್ದರು. ಹೂ ಮಾರುವ ಹೆಂಗಸೊಬ್ಬಳು ಮಲ್ಲಿಗೆ ಬುಟ್ಟಿಯ ಮೇಲೆ ಒದ್ದೆ ಟವೆಲ್ ಮುಚ್ಚಿದ್ದಳು. ಸೊಲ್ಲಾಪುರದ್ದೇ ಟವೆಲ್. ಆದರೆ ಗುಂಜು ಎಲ್ಲ ಉದುರಿ ಬರೀ ಜಾಳಿಗೆ ಉಳಿದಿತ್ತು. ಊರ ತುಂಬ ಟವೆಲ್ ನೇಯುವಾಗ ಇವಳಿಗೆ ಹೊಸದು ಸಿಗಲಿಲ್ಲವಾ ಅನಿಸಿ ಕೇಳಿಯೇ ಬಿಟ್ಟೆ.

"ಹೊಸಾ ಟಾವೆಲ್ ನೀರ ಕುಡಿಯಂಗಿಲ್ರೀ ಬಾಯಿ," ಅಂದಳು. "ಹಳೇದು ತಾನೂ ಕುಡಿತದ, ಹೂವಿಗೂ ಕುಡಸ್ತದ."

ರಾತ್ರಿ ಲಾಡ್ಜಿನ ಹಾಸಿಗೆಯಲ್ಲೂ ಒಂದು ತೇಪೆ ಸಿಕ್ಕಿತು. ಯಾರೋ ಬಹಳ ಶ್ರದ್ಧೆಯಿಂದ ಹಾಕಿದ್ದು, ಬೆರಳಾಡಿಸಿದರೂ ಗೊತ್ತಾಗದಷ್ಟು ನುಣುಪು. ಅದರ ಫೋಟೋ ತೆಗೆಯುವುದನ್ನು ನೋಡಿ ವೈನಿ ಗೋಡೆ ಕಡೆ ಹೊರಳಿ ಮಲಗಿದರು.

ಎರಡನೇ ದಿನ: ತೂತಿನ ಲೆಕ್ಕ

ಬೆಳಿಗ್ಗೆಯೇ ಎಡವಟ್ಟು. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯೊಂದರಲ್ಲಿ ವೈನಿ ನಾಲ್ಕು ಚಾದರ ಕೊಂಡರು. ಮೇಲೆ "ಅಸಲಿ" ಅಂತ ಚೀಟಿ. ನಾನು ಬೇಡ ಅಂದೆ, ಮಗ್ಗದವರ ಹತ್ತಿರವೇ ನೋಡೋಣ ಅಂದೆ. ಕೇಳಿದರೆ ತಾನೆ?

ಅಶೋಕ ಚೌಕದ ಕಡೆ ಹೋದರೆ ಕಿವಿಗೇ ದಾರಿ ಗೊತ್ತಾಗುತ್ತದೆ. ಒಂದೊಂದು ಸಂದಿಯಿಂದಲೂ ಪವರ್‌ಲೂಮಿನ ಕಟಕಟ. ಇಲ್ಲಿ ನೇಯುವವರಲ್ಲಿ ತೆಲುಗು ಮಾತಾಡುವ ಪದ್ಮಶಾಲಿಗಳೇ ಬಹಳ. ತಲೆಮಾರುಗಳ ಹಿಂದೆ ತೆಲಂಗಾಣದ ಕಡೆಯಿಂದ ಗಿರಣಿ, ಮಗ್ಗ ಅಂತ ಬಂದವರು. 1870ರ ದಶಕದಲ್ಲಿ ಇಲ್ಲಿ ಮೊದಲ ದೊಡ್ಡ ನೂಲಿನ ಗಿರಣಿ ಶುರುವಾಯಿತು. ಗಿರಣಿ ಮುಚ್ಚಿ ಎಷ್ಟೋ ವರ್ಷವಾದರೂ ಊರವರ ಬಾಯಲ್ಲಿ ಅದು ಇನ್ನೂ "ಜುನಿ ಮಿಲ್", ಹಳೆ ಗಿರಣಿ. ಚಾದರಕ್ಕೂ ಟವೆಲ್ಲಿಗೂ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಅದರಿಂದ ಮಗ್ಗದವರಿಗೆ ಏನು ಸಿಕ್ಕಿತು ಅಂತ ಕೇಳಿದರೆ ನಗುತ್ತಾರೆ, ಅಷ್ಟೇ.

ಒಂದು ಶೆಡ್ಡಿನ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ಒಳಗೆ ಕರೆದರು. ತೆಲುಗಿನವರು, ಆದರೆ ಕನ್ನಡ, ಮರಾಠಿ, ಹಿಂದಿ ಎಲ್ಲ ಒಂದೇ ವಾಕ್ಯದಲ್ಲಿ. ವೈನಿ ಹೆಮ್ಮೆಯಿಂದ ತಮ್ಮ ಚಾದರ ತೋರಿಸಿದರು. ಅವರು ಅದನ್ನು ತಿರುಗಿಸಿ ನೋಡಿ, ಏನೂ ಹೇಳದೆ, ಚಹಾ ಮುಗಿಸಿದರು.

"ಕಾಕಾ, ಏನಾತ್ರೀ?"

"ಏನಿಲ್ಲವ್ವಾ. ಇದು ಬ್ಯಾರೆ ಊರಿನ ಮಾಲು."

ಗುರುತು ಹಿಡಿಯುವುದು ಹೇಗೆ ಅಂತ ತೋರಿಸಿದರು. ಸೊಲ್ಲಾಪುರ ಚಾದರಕ್ಕೆ ಹಿಂದು ಮುಂದು ಅಂತಿಲ್ಲ. ಎರಡೂ ಕಡೆ ಅದೇ ಹೂವು, ಬಣ್ಣ ಮಾತ್ರ ಅದಲುಬದಲು. ಈ ಕಡೆ ಕೆಂಪು ನೆಲದಲ್ಲಿ ಬಿಳಿ ಹೂವಿದ್ದರೆ ಆ ಕಡೆ ಬಿಳಿ ನೆಲದಲ್ಲಿ ಕೆಂಪು ಹೂವು. ವೈನಿ ಕೊಂಡದ್ದರ ಹಿಂಭಾಗದಲ್ಲಿ ದಾರಗಳು ಸುಮ್ನೆ ಜೋತಾಡುತ್ತಿದ್ದವು. ವೈನಿ ಆಮೇಲೆ ಅರ್ಧ ತಾಸು ಮಾತಾಡಲಿಲ್ಲ. ಆ ಅಂಗಡಿಗೆ ವಾಪಸ್ ಹೋಗಿ ಕೇಳಿದರೆ ಅವನು ಗೋಡೆಯ ಮೇಲಿನ ಬೋರ್ಡು ತೋರಿಸಿದ: ಮಾರಿದ ಮಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದೊಂದು ಬೋರ್ಡು ಮಾತ್ರ ಮೂರು ಭಾಷೆಯಲ್ಲಿತ್ತು.

ನಾನು ಅಪ್ಪನ ಚಾದರ ಹರವಿದೆ. ಕಾಕಾ ಕನ್ನಡಕ ಏರಿಸಿದರು. ಮೊದಲು ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದರು. ಆಮೇಲೆ ಚೌಕದೊಳಗಿನ ಹೂವಿನ ಎಸಳು ಎಣಿಸಿದರು. "ಅಸಲಿ ಅದ. ಈ ಡಿಸೈನಿನ ಕಾರ್ಡ್ ಈಗ ಯಾರ ಹತ್ರನೂ ಇರಲಿಕ್ಕಿಲ್ಲ. ಇಲಿ ತಿಂದಿರತಾವು."

ಕಾರ್ಡ್ ಅಂದರೆ ಜಕಾರ್ಡ್ ಮಗ್ಗದ ರಟ್ಟಿನ ಪಟ್ಟಿ. ಮಗ್ಗದ ನೆತ್ತಿಯ ಮೇಲೆ ನೂರಾರು ಪಟ್ಟಿಗಳನ್ನು ದಾರದಿಂದ ಪೋಣಿಸಿ ಮಾಲೆಯ ಹಾಗೆ ತೂಗುಬಿಟ್ಟಿರುತ್ತಾರೆ. ಪಟ್ಟಿಯಲ್ಲಿ ತೂತು ಇದ್ದ ಕಡೆ ಕೊಕ್ಕೆ ಮೇಲೆದ್ದು ಹಾಸಿನ, ಅಂದರೆ ಉದ್ದಕ್ಕೆ ಹೋಗುವ, ಎಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಹೊಕ್ಕಿನ, ಅಂದರೆ ಅಡ್ಡಕ್ಕೆ ಹೋಗುವ, ಎಳೆ ಒಯ್ಯುತ್ತದೆ. ಒಂದು ಪಟ್ಟಿ ಅಂದರೆ ಹೊಕ್ಕಿನ ಒಂದೇ ಎಳೆ. ಒಂದು ಹೂವಿಗೆ ಎಷ್ಟು ಪಟ್ಟಿ ಬೇಕು ಅಂತ ನೀವೇ ಲೆಕ್ಕ ಹಾಕಿ.

ಕಾಕಾ ಮೂಲೆಯಿಂದ ಒಂದು ಹರಿದ ಪಟ್ಟಿ ತಂದು ಕೊಟ್ಟರು. ನಾನು ಅದನ್ನು ಬಾಗಿಲ ಬೆಳಕಿಗೆ ಹಿಡಿದೆ. ಆಮೇಲೆ ಚಾದರದ ಸವೆದ ಭಾಗವನ್ನೂ ಹಿಡಿದೆ. ಎರಡರೊಳಗಿಂದಲೂ ಬೆಳಕಿನ ಚುಕ್ಕೆಗಳು ನೆಲಕ್ಕೆ ಬಿದ್ದವು. ಕಾಕಾ ನಕ್ಕರು. "ತೂತಿನಿಂದ ಹುಟ್ಟಿದ್ದು ನೋಡ್ರಿ. ತೂತಾಗೇ ಹೋಗ್ತದ."

ಮಧ್ಯಾಹ್ನ ಕಡಕ್ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ಸೊಲ್ಲಾಪುರದ ಶೇಂಗಾ ಚಟ್ನಿಯನ್ನು ಕುಟ್ಟುತ್ತಾರೆ, ಮಿಕ್ಸಿಗೆ ಹಾಕುವುದಿಲ್ಲ. ಕುಟ್ಟಿ ಕುಟ್ಟಿ ಶೇಂಗಾದ ಎಣ್ಣೆಯೇ ಮೇಲೆ ಬಂದಿರುತ್ತದೆ. ಕಣ್ಣೆದುರು ಕುಟ್ಟುವ ಕಡೆಯೇ ಕೊಳ್ಳಿ. ಮತ್ತೆ ದಯವಿಟ್ಟು ಸ್ಟೀಲ್ ಡಬ್ಬಿ ಒಯ್ಯಿರಿ. ನಾನು ಅರ್ಧ ಕಿಲೋ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬ್ಯಾಗಿನಲ್ಲಿಟ್ಟೆ. ರಾತ್ರಿ ತೆಗೆದು ನೋಡಿದರೆ ಚೀಲ ಒಡೆದಿತ್ತು. ಅಪ್ಪನ ಚಾದರದ ನಟ್ಟನಡುವೆ, ಊಟದ ತಟ್ಟೆಯಷ್ಟು ಅಗಲ, ಕೆಂಪೆಣ್ಣೆ.

ನನಗೆ ಅಳುವೇ ಬಂತು. ವೈನಿ ಸೋಪು ತಂದರು, ಲಾಡ್ಜಿನ ಬಕೀಟಿನಲ್ಲಿ ಇಬ್ಬರೂ ತಿಕ್ಕಿದೆವು. ಖಾರದ ಕೆಂಪು ಹೋಯಿತು. ಎಣ್ಣೆ ಹೋಗಲಿಲ್ಲ. ಬೆಳಗಿನ ತನಕ ಫ್ಯಾನಿನ ಕೆಳಗೆ ಕುರ್ಚಿಗಳ ಮೇಲೆ ಹರವಿದ್ದೆವು. ರೂಮೆಲ್ಲ ಬೆಳ್ಳುಳ್ಳಿ ವಾಸನೆ.

ಮೂರನೇ ದಿನ: ಹಿಪ್ಪರಗಿ ಕೆರೆ

ಇನ್ನೂ ಕತ್ತಲಿರುವಾಗಲೇ ಆಟೋ ಹಿಡಿದು ತುಳಜಾಪುರ ರಸ್ತೆಯಲ್ಲಿ ಹೊರಟೆವು. ಹಿಪ್ಪರಗಿ ಕೆರೆ ಊರಿನಿಂದ ಹತ್ತು ಕಿಲೋಮೀಟರ್ ಒಳಗೇ. ಕಾಗದದ ಮೇಲೆ ಇದರ ಹೆಸರು ಏಕರೂಖ. ಅದಿಲಾ ಅನ್ನುವ ಹೊಳೆಗೆ ಬ್ರಿಟಿಷರು ಒಡ್ಡು ಹಾಕಿಸಿ 1871ರಲ್ಲಿ ಮುಗಿಸಿದ ಕೆರೆ. ಆಟೋದವನಿಗೆ ಕಾಯಲು ಮೊದಲೇ ಹೇಳಿ, ದುಡ್ಡು ಮಾತಾಡಿಕೊಂಡು ಹೋಗಬೇಕು. ಆ ಹೊತ್ತಿನಲ್ಲಿ ವಾಪಸ್ ಬರಲು ಏನೂ ಸಿಗುವುದಿಲ್ಲ. ಸ್ವೆಟರೂ ಬೇಕು. ಮಧ್ಯಾಹ್ನ ಸುಡುವ ಸೊಲ್ಲಾಪುರ ಬೆಳಿಗ್ಗೆ ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು.

ಒಡ್ಡಿನ ಮೇಲೆ ನಿಂತಾಗ ಮೊದಲು ಕೆರೆ ಕಾಣಲಿಲ್ಲ, ಕೇಳಿಸಿತು. ಮಂಜಿನ ಒಳಗಿಂದ "ಆಂಗ್ ಆಂಗ್" ಅಂತ ಕೂಗು. ಬೆಳಕು ಹರಿದ ಮೇಲೆ ನೋಡಿದರೆ ನೀರಿನ ಅಂಚಿನಲ್ಲಿ ಬೂದು ಬಣ್ಣದ ಹಕ್ಕಿಗಳ ಹಿಂಡು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೆರೆ, ಯಾರೋ ದಾರ ಎಳೆದ ಹಾಗೆ. ಪಟ್ಟೆತಲೆ ಹೆಬ್ಬಾತು. ಹಿಮಾಲಯದ ಆಚೆಯಿಂದ, ಆ ಬೆಟ್ಟಗಳ ಮೇಲಿಂದಲೇ ಹಾರಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ವೈನಿ ಕಿವಿಗೆ ಮಫ್ಲರ್ ಸುತ್ತಿಕೊಂಡು, "ಇಷ್ಟ ದೂರ ಬಂದು ಈ ಥಂಡ್ಯಾಗ ನಿಂತಾವಲ್ಲ, ಇವಕ್ಕೇನ್ ಬ್ಯಾನಿ," ಅಂದರು.

ನನ್ನ ಕಣ್ಣು ಹಕ್ಕಿಗಿಂತ ದಡದ ಮೇಲಿತ್ತು. ಮಳೆಗಾಲ ಮುಗಿದಾಗಿನಿಂದ ನೀರು ಹಿಂದೆ ಸರಿಯುತ್ತ ಬಂದಿತ್ತು. ಸರಿದ ಪ್ರತಿ ಸಲವೂ ಒಂದು ಗೆರೆ ಬಿಟ್ಟಿತ್ತು. ಮೇಲ್ಗಡೆ ಒಣಹುಲ್ಲಿನ ಗೆರೆ. ಅದರ ಕೆಳಗೆ ಬಿರುಕು ಬಿಟ್ಟ ಮಣ್ಣು. ಆಮೇಲೆ ಸತ್ತ ಶಂಖದ ಹುಳುಗಳ ಚಿಪ್ಪು, ಬೆಳ್ಳಗೆ, ಒಂದರ ಪಕ್ಕ ಒಂದು. ಆಮೇಲೆ ಹಸಿರು ಚಿಗುರು. ಕೊನೆಗೆ ಕಪ್ಪು ಕೆಸರು, ಅದರ ಮೇಲೆ ಹಕ್ಕಿ ಹೆಜ್ಜೆ. ಕೆರೆಯ ಸುತ್ತ ಎಲ್ಲೂ ಸರಳ ರೇಖೆ ಇರಲಿಲ್ಲ. ಗೆರೆಗಳೆಲ್ಲ ಸೊಟ್ಟ. ಒಂದನ್ನೊಂದು ಮುಟ್ಟದೆ ಪಕ್ಕಪಕ್ಕದಲ್ಲೇ ಹೊರಟಿದ್ದವು.

ಹತ್ತಿರದಿಂದ ನೋಡೋಣ ಅಂತ ಇಳಿದೆ. ಹಸಿರು ಚಿಗುರಿನ ಪಟ್ಟಿಯ ತನಕ ನೆಲ ಗಟ್ಟಿ. ಮುಂದೆ ಒಂದು ಹೆಜ್ಜೆ ಇಟ್ಟೆ, ಮೊಣಕಾಲ ತನಕ ಹೋಯಿತು. ಎರೆಮಣ್ಣಿನ ಕೆಸರು ಕಾಲು ಹಿಡಿದರೆ ಬಿಡುವುದಿಲ್ಲ. ಎಳೆದೆ. ಕಾಲು ಬಂತು, ಚಪ್ಪಲಿ ಬರಲಿಲ್ಲ.

ವೈನಿ ಒಡ್ಡಿನ ಮೇಲೆ ನಿಂತು ನಕ್ಕ ಸದ್ದಿಗೆ ಅರ್ಧ ಹಿಂಡು ಹಾರಿಹೋಯಿತು.

ದಡದಲ್ಲಿ ಬಲೆ ಹರವಿಕೊಂಡು ಕೂತಿದ್ದ ಮೀನು ಹಿಡಿಯುವ ಅಣ್ಣ ಉದ್ದನೆಯ ಕೋಲು ತಂದು ತಡಕಾಡಿದ. ಸಿಗಲಿಲ್ಲ. "ಏಪ್ರಿಲ್‌ದಾಗ ಬರ್ರಿ ಅಕ್ಕಾರ. ನೀರ ಇನ್ನೂ ಹಿಂದ ಹೋಗ್ತದ, ತಾನಾ ಸಿಗತದ," ಅಂದ. ತಮಾಷೆಗಲ್ಲ, ನಿಜವಾಗಿಯೇ. ಅವನ ಬಲೆಯನ್ನು ನೋಡುತ್ತ ಕೂತೆ. ಮೂಲ ಬಲೆ ತಿಳಿ ನೀಲಿ. ತೇಪೆಗಳು ಹಸಿರು, ಕಪ್ಪು, ಒಂದು ಕಡೆ ಗುಲಾಬಿ. ಯಾವ ದಾರ ಸಿಕ್ಕಿತೋ ಅದು.

"ಮೀನಿಗೆ ಬಣ್ಣ ಕಾಣಂಗಿಲ್ಲೇನು?" ಅಂತ ಕೇಳಿದೆ.

"ಮೀನಿಗೆ ಕಂಡ್ರ ಕಾಣ್ಲಿ ಬಿಡ್ರಿ. ನನಗ ಕಾಣಬೇಕಲ್ಲ. ಎಲ್ಲಿ ಹರದಿತ್ತು ಅಂತ ಗೊತ್ತಾಗಬೇಕು. ಅಲ್ಲೇ ಮತ್ತ ಹರೀತದ."

ಈ ಮಾತು ಬರೆದುಕೊಳ್ಳಲು ಪೆನ್ನು ಹುಡುಕುವಾಗ ಕೈಯೆಲ್ಲ ಕೆಸರು. ಪುಸ್ತಕದ ಆ ಪುಟದಲ್ಲಿ ಮಾತಿಗಿಂತ ಕೆಸರೇ ಜಾಸ್ತಿ.

ವಾಪಸ್ ಬರುವಾಗ ರಸ್ತೆ ಬದಿ "ಹುರ್ಡಾ" ಅಂತ ಬೋರ್ಡು. ನಮ್ಮ ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ ಕೊಡುತ್ತಾರೆ. ಹಸಿರು ಕಾಳು, ಸಿಹಿ, ಸ್ವಲ್ಪ ಹೊಗೆ ವಾಸನೆ. ಜೊತೆಗೆ ಬೆಲ್ಲ, ಮತ್ತೆ ಅದೇ ಶೇಂಗಾ ಚಟ್ನಿ. ಚಟ್ನಿ ನೋಡಿ ನಾನು ವೈನಿ ಮುಖ ಮುಖ ನೋಡಿಕೊಂಡೆವು. ಫೆಬ್ರುವರಿ ಮುಗಿದರೆ ಇದು ಸಿಗುವುದಿಲ್ಲ, ಕಾಳು ಬಲಿತುಬಿಡುತ್ತದೆ. ಬರಿಗಾಲಲ್ಲಿ ಕೂತು ತಿಂದೆ. ಊರಿಗೆ ಬಂದು ಹವಾಯಿ ಚಪ್ಪಲಿ ಕೊಂಡೆ.

ನಾಲ್ಕನೇ ದಿನ: ಚಿಗವ್ವನ ಪಡಸಾಲೆ

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಬಸ್ಸಿನಲ್ಲಿ ಒಂದು ತಾಸಿನ ಮೇಲೆ. ಸ್ವಾಮಿ ಸಮರ್ಥರ ಗುಡಿಯಲ್ಲಿ ಉದ್ದ ಸಾಲು. ವೈನಿ ಕೈಮುಗಿದು ಬಂದರು, ನಾನು ಹೊರಗೆ ಬ್ಯಾಗು ಕಾದೆ. ಅಲ್ಲಿಂದ ಟಂಟಂ (ದೊಡ್ಡ ಆಟೋ) ಹಿಡಿದು ಹಳ್ಳಿಗೆ. ಹತ್ತು ಜನರ ಟಂಟಂನಲ್ಲಿ ಹದಿನಾರು ಜನ, ಎರಡು ಕೋಳಿ. ಆ ಹಳ್ಳಿಯಲ್ಲಿ ಮನೆ ಮಾತು ಕನ್ನಡ, ಪೇಟೆ ಮಾತು ಮರಾಠಿ.

ಚಿಗವ್ವನಿಗೆ ಎಪ್ಪತ್ತರ ಮೇಲೆ. ಪಡಸಾಲೆಯಲ್ಲಿ ಅರ್ಧ ಆದ ಕೌದಿ ಹರವಿತ್ತು. ಮೊಮ್ಮಗಳು ಚೊಚ್ಚಲ ಬಸುರಿ, ಹಡೆಯಲು ತವರಿಗೆ ಬಂದಿದ್ದಳು. ಬಾಣಂತಿಗೂ ಕೂಸಿಗೂ ಹಾಸಲು ಈ ಕೌದಿ. ಚಹಾ ಕೊಡುವ ಮೊದಲೇ ಚಿಗವ್ವ ಕೇಳಿದ್ದು, "ಅರಿವಿ ಏನರ ತಂದೀರೇನು?"

ಕೌದಿ ಗೊತ್ತಿಲ್ಲದವರಿಗೆ ಒಂದು ಮಾತು. ಇದೇ ಸೀಮೆಯ ಮರಾಠಿಯವರು ಇದಕ್ಕೆ ವಾಕಳ ಅನ್ನುತ್ತಾರೆ, ಗೋಧಡಿ ಅಂತಲೂ ಅನ್ನುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಇದನ್ನೇ ತಮ್ಮ ಬಣ್ಣದಲ್ಲಿ ಹೊಲಿಯುತ್ತಾರೆ. ಬಂಗಾಳದ ಕಾಂಥಾ ಕೂಡ ಇದರ ಅಕ್ಕತಂಗಿಯೇ. ಚಿಗವ್ವ ಕೆಳಗೆ ಒಂದು ಹಳೆ ಇಳಕಲ್ ಸೀರೆ ಹಾಸಿದ್ದರು. ಅದರ ಮೇಲೆ ಧೋತರ, ಪರಕಾರ, ಹರಿದ ಹಾಸಿಗೆ ಬಟ್ಟೆ. ಎಲ್ಲದರ ಮೇಲೆ ಬಣ್ಣದ ತುಂಡುಗಳು. ಅವರ ಮಾತಿನಲ್ಲಿ ತ್ಯಾಪಿ. ಖಣದ ಕುಬಸದ ತೋಳು ಒಂದು ಕಡೆ, ಶಾಲೆಯ ಚೆಕ್ಸ್ ಅಂಗಿ ಇನ್ನೊಂದು ಕಡೆ. ಹೊಸ ಬಟ್ಟೆ ಒಂದೂ ಇರಲಿಲ್ಲ. "ಹೊಸಾದು ಕೂಸಿನ ಮೈಗೆ ಚುಚ್ಚತದ," ಅಂದರು.

ನಾನು ಅಪ್ಪನ ಚಾದರ ತೆಗೆದೆ. ತೋರಿಸಲು ಮಾತ್ರ, ಕೊಡಲು ಅಲ್ಲ. ಚಿಗವ್ವ ನೆಲದ ಮೇಲೆ ಹರವಿ, ಅಂಗೈಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ಒರೆಸಿದರು. ಕಣ್ಣು ಬೇರೆ ಕಡೆ ಇತ್ತು. ಕೈ ಒಂದು ಕಡೆ ನಿಂತಿತು.

"ಇದು ಕಾಲ ಕಡಿ. ಎರಡ ಹರಕ ಅದಾವ ನೋಡು, ಹಿಮ್ಮಡ ತಿಕ್ಕಿದ್ದು. ಹೊದ್ದಾಂವ ಉದ್ದನ ಮನಷ್ಯಾ. ಚಾದರ ಸಾಲತಿರಲಿಲ್ಲ. ಕಾಲಾಗ ಒತ್ತಿ ಹಿಡದು ಮ್ಯಾಲ ಎಳಕೋತಿದ್ದ."

ಅಪ್ಪ ಆರಡಿಯ ಮೇಲೆ ಒಂದಿಂಚು.

"ಒಂದ ಮಗ್ಗಲಾ ಮಲಗತಿದ್ದನೇನು? ಈ ಕಡಿ ಅಷ್ಟ ಜಾಳ ಆಗ್ಯದ."

ಎಡ ಮಗ್ಗುಲು. ರೇಡಿಯೋ ಆ ಕಡೆ ಇತ್ತು. ಕಿವಿಯ ಹತ್ತಿರ ಸಣ್ಣ ದನಿಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದರು. ಇಪ್ಪತ್ತು ವರ್ಷ ನೋಡಿದ ನನಗೆ ಈ ಚಾದರದಲ್ಲಿ ಅದು ಯಾವತ್ತೂ ಕಂಡಿರಲಿಲ್ಲ. ನಾನು ಕತ್ತರಿಸಿ ಬಿಸಾಕಲು ಲೆಕ್ಕ ಹಾಕಿದ್ದ ಭಾಗಗಳೇ ಅವು, ಹಿಮ್ಮಡಿಯ ಎರಡು ತೂತು ಮತ್ತು ಎಡಗಡೆಯ ಜಾಳು.

"ನಡಕ ಏನಿದು, ಎಣ್ಣಿ?"

ವೈನಿ ಚಟ್ನಿಯ ಕಥೆ ಹೇಳಿದರು. ಚಿಗವ್ವ ಹೊಟ್ಟೆ ಹಿಡಿದು ನಕ್ಕರು. ಅವರ ಕೌದಿಯ ಪದ್ಧತಿ ಹೀಗೆ: ಕೊನೆಯ ತ್ಯಾಪಿ ಮುಚ್ಚುವ ಮೊದಲು ನಡುವೆ ರೊಟ್ಟಿಯ ಒಂದು ಚೂರು ಇಡಬೇಕು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ. "ಇದಕ್ಕ ನೀವು ಆಗಲೇ ಉಣಿಸಿ ತಂದೀರಿ. ತಾ ಇಲ್ಲೆ, ಇದರೊಳಗ ಹಾಕತೀನಿ. ಒಳಗ ಒಂದ ಪದರ ಕಡಿಮಿ ಇತ್ತು."

ನಾನು ಸುಮ್ಮನಾದೆ. ಕೊಡಲು ಮನಸ್ಸಿಲ್ಲ, ಇಲ್ಲ ಅನ್ನಲು ಬಾಯಿಲ್ಲ. ಆ ಹುಡುಗಿ ತುಂಬು ಹೊಟ್ಟೆ ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದಳು. ವೈನಿ ನನ್ನ ಕಡೆ ನೋಡಲೇ ಇಲ್ಲ. ಅದು ಅವರು ಮಾಡಿದ ದೊಡ್ಡ ಉಪಕಾರ.

"ಒಂದ್ ತಾಸು ಕೊಡ್ರಿ," ಅಂದೆ.

ಮನೆಯಲ್ಲಿದ್ದ ಹಳೆ ಪೇಪರುಗಳನ್ನೆಲ್ಲ ಕೇಳಿ ತೆಗೆದುಕೊಂಡೆ. ಮರಾಠಿಯವು, ಕನ್ನಡದವು. ಒಲೆಯಿಂದ ಆರಿದ ಇದ್ದಲಿ ಆರಿಸಿಕೊಂಡೆ. ಪೇಪರನ್ನು ಚಾದರದ ಮೇಲಿಟ್ಟು, ಇದ್ದಲಿಯನ್ನು ಅಡ್ಡ ಹಿಡಿದು ಮೆಲ್ಲಗೆ ತಿಕ್ಕಿದೆ. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕುತ್ತಿದ್ದೆವಲ್ಲ, ಹಾಗೇ. ನೇಯ್ಗೆ ಗಟ್ಟಿ ಇದ್ದ ಕಡೆ ಹೂವು ಕರ್ರಗೆ ಎದ್ದು ಬಂತು. ಸವೆದ ಕಡೆ ಬೂದು. ಹಿಮ್ಮಡಿಯ ಎರಡು ತೂತಿನ ಹತ್ತಿರ ಏನೂ ಇಲ್ಲ, ಬರೀ ಪೇಪರಿನ ಅಕ್ಷರ. ಒಂದರಲ್ಲಿ ಮದುವೆಯ ಜಾಹೀರಾತು, ಇನ್ನೊಂದರಲ್ಲಿ ಈರುಳ್ಳಿ ದರ. ಹನ್ನೊಂದು ಪೇಪರು ಆದವು. ಮೈಕೈಯೆಲ್ಲ ಮಸಿ. ಮನೆಯ ಹುಡುಗರು ಸುತ್ತ ಕೂತು ಪೇಪರು ಒತ್ತಿ ಹಿಡಿದರು.

ಆಮೇಲೆ ಚಾದರ ಒಳಗೆ ಹೋಯಿತು. ಕೌದಿಯ ಹೊಲಿಯದ ಭಾಗ ಎತ್ತಿ, ಮಡಚಿ, ಸರಿಸಿ, ಮೇಲೆ ತ್ಯಾಪಿ ಹೊದಿಸಿದರು. ಐದು ನಿಮಿಷ. ಕಾಣಲೇ ಇಲ್ಲ.

ಚಿಗವ್ವ ನನಗೂ ಸೂಜಿ ಕೊಟ್ಟರು. ನಾನು ನನ್ನ ಅಭ್ಯಾಸದಂತೆ ಸಣ್ಣ ಸಣ್ಣ, ಒಂದೇ ಅಳತೆಯ ಟಾಕಿ ಹಾಕಿದೆ. ಒಂದು ಗೇಣು ಆದ ಮೇಲೆ ಅವರು ಬಗ್ಗಿ ನೋಡಿ ಪೂರಾ ಬಿಚ್ಚಿದರು. "ಇಷ್ಟ ಬಿಗಿ ಹೊಲದ್ರ ಒಗದಾಗ ಮುದುಡಕೋತದ. ಸಡ್ಲ ಬಿಡು. ಕೌದಿ ಉಸರ ಆಡಬೇಕು." ಹೊಲಿಗೆ ಹೊರ ಅಂಚಿನಿಂದ ಶುರುವಾಗುತ್ತದೆ. ಸುತ್ತ ಒಂದು ಸಾಲು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ನಾವೇ ಕೌದಿಯ ಮೇಲೆ ಕೂತು ಜರುಗುತ್ತ, ಜರುಗುತ್ತ ನಡುವಿನ ಕಡೆ ಹೋಗಬೇಕು. ಸಾಲುಗಳು ಸೊಟ್ಟ. ತ್ಯಾಪಿ ದಪ್ಪ ಇದ್ದ ಕಡೆ ಬಾಗುತ್ತವೆ, ತೆಳು ಇದ್ದ ಕಡೆ ಹತ್ತಿರ ಬರುತ್ತವೆ.

ಗೋಡೆಗೆ ಒರಗಿ ಎಲೆಯಡಿಕೆ ಹಾಕುತ್ತಿದ್ದ ವೈನಿಗೇ ಮೊದಲು ಕಂಡದ್ದು. "ಏ, ನಿನ್ನ ಚಪ್ಪಲಿ ನುಂಗಿದ ಕೆರಿ ಹಂಗ ಅದ ನೋಡು ಇದು."

ಸಂಜೆಯ ತನಕ ನಾಲ್ಕು ಸುತ್ತು ಆಯಿತು. ಬೆಳಕು ಹೋದ ಮೇಲೆ ಹೊಲಿಯುವುದಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಲೆ, ಹಿಂಡಿ ಉಂಡು ಅಲ್ಲೇ ಇನ್ನೊಂದು ಹಳೆ ಕೌದಿ ಹೊದ್ದು ಮಲಗಿದೆವು. ಭಾರ ಅಂದರೆ ಭಾರ. ಮಗ್ಗುಲು ಬದಲಿಸಲು ಬಲ ಬೇಕು. ಚಳಿ ಹತ್ತಿರ ಸುಳಿಯಲಿಲ್ಲ.

ವಾಪಸ್

ಮರುದಿನ ಬಸ್ಸು, ಮತ್ತೆ ಭೀಮೆ. ಈ ಸಲ ಬಂಡೆಗಳ ಮೇಲೆ ಏನೂ ಹರವಿರಲಿಲ್ಲ.

ಶಿವರಾತ್ರಿಯ ಮರುದಿನ ಚಿಗವ್ವನ ಮೊಮ್ಮಗಳು ಫೋಟೋ ಕಳಿಸಿದಳು. ಕೌದಿ ಮುಗಿದಿತ್ತು. ನಾಲ್ಕೂ ಮೂಲೆಗೆ ಕೆಂಪು ತ್ರಿಕೋನ. ನನ್ನ ಗೇಣಿನ ಜಾಗ ಯಾವುದು ಅಂತ ಹಿಗ್ಗಿಸಿ ಹಿಗ್ಗಿಸಿ ಹುಡುಕಿದೆ, ಸಿಗಲಿಲ್ಲ. ಹನ್ನೊಂದು ಪೇಪರುಗಳು ಈಗ ನನ್ನ ಕೆಲಸದ ಕೋಣೆಯ ಗೋಡೆಯಲ್ಲಿವೆ, ಚಾದರದ ಅಳತೆಗೇ ಜೋಡಿಸಿದ್ದೇನೆ. ಹಾದುಹೋಗುವಾಗ ಭುಜ ತಾಗಿದರೆ ಇದ್ದಲಿ ಉದುರುತ್ತದೆ. ಅದರ ಪಕ್ಕದಲ್ಲೇ ಒಂದು ಹಳೆ ಹಾಸಿಗೆ ಬಟ್ಟೆ ಹರವಿ ಶುರು ಮಾಡಿದ್ದೇನೆ. ತೂತು ಕತ್ತರಿಸಿಲ್ಲ. ಹೊರ ಅಂಚಿನಿಂದ ಎರಡು ಸುತ್ತು ಆಗಿದೆ. ಇನ್ನೂ ಬಿಗಿಯೇ ಬರುತ್ತಿದೆ, ಬಿಚ್ಚುತ್ತಿದ್ದೇನೆ.

ಮೊನ್ನೆ ಆ ಕೋಣೆಯ ನೆಲ ನೋಡಿ ವೈನಿ ಬಾಗಿಲಲ್ಲೇ ನಿಂತರು.

"ಇಷ್ಟ ಮಸಿ ಕೆಡವೀಯಲ್ಲ, ಈಗ ನೆಲಾ ಯಾತರಲೆ ಒರಸೂದು?"

ನಾನು ಏನೂ ಹೇಳಲಿಲ್ಲ. ಅವರೇ ಒಂದು ಗಳಿಗೆ ಯೋಚನೆ ಮಾಡಿ, ಒಳಗೆ ಹೋಗಿ, ಬಸ್‌ಸ್ಟ್ಯಾಂಡಿನ "ಅಸಲಿ" ಚಾದರಗಳಲ್ಲಿ ಒಂದನ್ನೂ ಕತ್ತರಿಯನ್ನೂ ತಂದರು.